ರೆಕಾರ್ಡಿಂಗಿನ ಗಿಟಾರ್ ದನಿ ನಮ್ಮ ಗಿಟಾರಿನಲ್ಲೂ ಬರಬೇಕೆಂದರೆ: ಕೇಪೋ ಎಲ್ಲಿ, ಯಾವ ಶೇಪ್?

ಹಾಡಿನ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳನ್ನು, ಸರಿಯಾಗಿಯೇ ಹುಡುಕಿಕೊಂಡಿರುತ್ತೀರಿ. ಬಿ ಫ್ಲಾಟ್, ಇ ಫ್ಲಾಟ್, ಎಫ್, ಜಿ ಮೈನರ್. ನಾಲ್ಕನ್ನೂ ಬಾರ್ ಹಿಡಿದು (ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ) ಬಾರಿಸಿದರೆ ಹಾಡಿನ ಜೊತೆ ಶ್ರುತಿ ಕೂಡುತ್ತದೆ, ಒಂದು ಸ್ವರವೂ ತಪ್ಪಿಲ್ಲ. ಆದರೂ ರೆಕಾರ್ಡಿಂಗಿನಲ್ಲಿ ಕೇಳುವ ಆ ಬಿಚ್ಚುದನಿ ಬರುವುದಿಲ್ಲ. ಕಾರ್ಡ್ ಬದಲಿಸಲು ಬೆರಳು ಎತ್ತಿದ ಕೂಡಲೇ ನಿಮ್ಮ ಗಿಟಾರ್ ಸುಮ್ಮನಾಗುತ್ತದೆ. ಅಲ್ಲಿ ಮಾತ್ರ ತೆಳುವಾದ ಎರಡು ತಂತಿ ಗುಂಯ್ ಎನ್ನುತ್ತಲೇ ಇರುತ್ತವೆ. ಕಾರಣ ಸರಳ. ಅಲ್ಲಿ ಬಾರಿಸಿದವರು ಬಾರ್ ಹಿಡಿದೇ ಇಲ್ಲ. ಮೂರನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗೆ) ಕೇಪೋ, ಅಂದರೆ ಆರೂ ತಂತಿಯನ್ನು ಒತ್ತಿ ಹಿಡಿಯುವ ಕ್ಲಿಪ್, ಹಾಕಿ ಜಿ, ಸಿ, ಡಿ, ಇ ಮೈನರ್ ಹಿಡಿದಿದ್ದಾರೆ.

ಹಾಡಿನ ಷಡ್ಜ ಸಿಕ್ಕಿತೆಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಷಡ್ಜದಿಂದ ಸಿಗುವುದು ಶ್ರುತಿ ಮಾತ್ರ. ದನಿ ಹುಟ್ಟುವುದು ಯಾವ ತಂತಿ ಬೆರಳಿಲ್ಲದೆ ಬಿಚ್ಚಿಕೊಂಡು ನುಡಿಯುತ್ತಿದೆ ಎನ್ನುವುದರಲ್ಲಿ. ಹಾಗಾಗಿ ಮೊದಲು ಶೇಪ್, ಅಂದರೆ ಬೆರಳುಗಳನ್ನು ಇಡುವ ಆಕಾರ, ಹುಡುಕಬೇಕು. ಶೇಪ್ ಗೊತ್ತಾದರೆ ಕೇಪೋ ಯಾವ ಫ್ರೆಟ್ಟಿಗೆ ಅನ್ನುವುದು ಬರೀ ಎಣಿಕೆ.

ಮುಂದೆ ಒಂದನೇ ತಂತಿ ಎಂದರೆ ಎಲ್ಲಕ್ಕಿಂತ ತೆಳುವಾದದ್ದು, ಆರನೆಯದು ಎಲ್ಲಕ್ಕಿಂತ ದಪ್ಪನೆಯದು. ಮಾತೆಲ್ಲ ಸಾಮಾನ್ಯ ಟ್ಯೂನಿಂಗಿನ ಆರು ತಂತಿಯ ಗಿಟಾರಿನದ್ದು.

ಎಣಿಕೆಗೆ ಹಾರ್ಮೋನಿಯಂ ಸಾಕು

ಶಿರಸಿ, ಕುಮಟಾ, ಹೊನ್ನಾವರದ ಕಡೆ ಭಜನೆ ನಡೆಯುವ ಮನೆಯಲ್ಲಿ, ಸಂಗೀತ ಕಲಿಯುವವರಿರುವ ಮನೆಯಲ್ಲಿ ಹಾರ್ಮೋನಿಯಂ ಇರುತ್ತದೆ. ಕಾರವಾರದ ಇಗರ್ಜಿಗಳಲ್ಲಿ ಹಾಡುವ ಗುಂಪುಗಳ ಬಳಿ ಕೀಬೋರ್ಡ್ ಇರುತ್ತದೆ. ಎರಡರಲ್ಲಿ ಯಾವುದಾದರೂ ಆದೀತು. ಕೇಪೋ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಇಲ್ಲ, ಯಾಕೆಂದರೆ ಹಾರ್ಮೋನಿಯಮ್ಮಿನ ಒಂದು ಮನೆ ಎಂದರೆ ಗಿಟಾರಿನ ಒಂದು ಫ್ರೆಟ್. ಕಪ್ಪು, ಬಿಳಿ ಎಲ್ಲವನ್ನೂ ಸೇರಿಸಿ ಎಣಿಸಬೇಕು, ಅಷ್ಟೇ. ಹನ್ನೆರಡು ಮನೆ ದಾಟಿದರೆ ಮುಂದಿನ ಸಪ್ತಕ, ಹನ್ನೆರಡು ಫ್ರೆಟ್ ದಾಟಿದರೂ ಅದೇ.

ಹಾಡಿನ ಒಂದು ಸಾಲು ಮುಗಿದು ದನಿ ಎಲ್ಲಿ ನೆಮ್ಮದಿಯಾಗಿ ಕೂರುತ್ತದೋ ಆ ಸ್ವರವನ್ನು ಗುನುಗಿ ಹಿಡಿದುಕೊಳ್ಳಿ. ಹೆಚ್ಚಿನ ಹಾಡುಗಳಲ್ಲಿ ಅದೇ ಸಾ. ಅನುಮಾನ ಇದ್ದರೆ ಹಾಡಿನ ಕೊನೆಯ ಕಾರ್ಡ್ ಕೇಳಿ. ಆ ಸ್ವರ ಹಾರ್ಮೋನಿಯಮ್ಮಿನ ಯಾವ ಮನೆಯಲ್ಲಿದೆ ನೋಡಿ. ಬಿಳಿ ಒಂದು ಎಂದರೆ ಸಿ, ಬಿಳಿ ಎರಡು ಡಿ, ಬಿಳಿ ಮೂರು ಇ, ಬಿಳಿ ನಾಲ್ಕು ಎಫ್, ಬಿಳಿ ಐದು ಜಿ, ಬಿಳಿ ಆರು ಎ, ಬಿಳಿ ಏಳು ಬಿ. ಕಪ್ಪು ಒಂದರಿಂದ ಐದರವರೆಗೆ ಕ್ರಮವಾಗಿ ಸಿ ಶಾರ್ಪ್, ಡಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್. ಎ ಶಾರ್ಪ್ ಮತ್ತು ಬಿ ಫ್ಲಾಟ್ ಒಂದೇ ಮನೆಯ ಎರಡು ಹೆಸರು.

ಹಳೆಯ ಹಾರ್ಮೋನಿಯಮ್ಮನ್ನು ಮನೆ ಗುರುತಿಸಲು ಮಾತ್ರ ನಂಬಿ. ರೀಡುಗಳು ವರ್ಷಗಳಲ್ಲಿ ಸ್ವಲ್ಪ ಸರಿದಿರುತ್ತವೆ. ಗಿಟಾರಿನ ಶ್ರುತಿಗೆ ಟ್ಯೂನರನ್ನೇ ಬಳಸಿ.

ಈಗ ಕೇಪೋದ ಫ್ರೆಟ್. ಕೇಪೋ ಇಲ್ಲದೆ ಬಿಚ್ಚುತಂತಿಯ ದನಿ ಕೊಡುವ ಮೇಜರ್ ಶೇಪ್‌ಗಳು ಐದೇ: ಸಿ, ಎ, ಜಿ, ಇ, ಡಿ. ಶೇಪಿನ ಮನೆಯನ್ನು ಬಿಟ್ಟು ಮುಂದಿನದರಿಂದ ಹಾಡಿನ ಸಾ ಇರುವ ಮನೆಯವರೆಗೆ ಎಣಿಸಿದರೆ ಫ್ರೆಟ್ ಸಿಗುತ್ತದೆ. ಏಳನೇ ಫ್ರೆಟ್ಟಿನವರೆಗಿನದ್ದು ಹೀಗೆ:

ಕಪ್ಪು 1: ಸಿ ಶೇಪ್ 1ನೇ ಫ್ರೆಟ್, ಎ ಶೇಪ್ 4, ಜಿ ಶೇಪ್ 6
ಕಪ್ಪು 2: ಡಿ 1, ಸಿ 3, ಎ 6
ಬಿಳಿ 4: ಇ 1, ಡಿ 3, ಸಿ 5
ಕಪ್ಪು 3: ಇ 2, ಡಿ 4, ಸಿ 6
ಕಪ್ಪು 4: ಜಿ 1, ಇ 4, ಡಿ 6
ಕಪ್ಪು 5: ಎ 1, ಜಿ 3, ಇ 6
ಬಿಳಿ 7: ಎ 2, ಜಿ 4, ಇ 7

ಉಳಿದ ಬಿಳಿ ಮನೆಗಳಿಗೆ ಕೇಪೋ ಬೇಡ ಎಂದು ತೀರ್ಮಾನಿಸಬೇಡಿ. ಹಾಡು ಬಿಳಿ ಆರರಲ್ಲಿದ್ದರೆ ಬರೀ ಎ ಶೇಪ್ ಇರಬಹುದು, ಎರಡನೇ ಫ್ರೆಟ್ಟಿನ ಜಿ ಇರಬಹುದು, ಏಳನೇ ಫ್ರೆಟ್ಟಿನ ಡಿ ಕೂಡ ಇರಬಹುದು. ಮೂರೂ ಒಂದೇ ಶ್ರುತಿ. ಕೇಳಲು ಮೂರು ಬೇರೆ ವಾದ್ಯದ ಹಾಗೆ.

ಶೇಪ್ ಹಿಡಿಯುವುದು: ಮೇಲಿನ ಸ್ವರ ಯಾವುದು?

ಇಲ್ಲಿಂದ ಕಿವಿಯ ಕೆಲಸ. ಇಯರ್‌ಫೋನ್ ಹಾಕಿ, ಒಮ್ಮೆ ಎಡಗಿವಿಯದ್ದು ಮಾತ್ರ, ಒಮ್ಮೆ ಬಲಗಿವಿಯದ್ದು ಮಾತ್ರ ಕೇಳಿ. ಗಿಟಾರನ್ನು ಒಂದು ಪಕ್ಕಕ್ಕೆ ಸರಿಸಿ ಮಿಕ್ಸ್ ಮಾಡಿರುವ ರೆಕಾರ್ಡಿಂಗ್ ಬಹಳ ಇವೆ. ಆ ಪಕ್ಕದಲ್ಲಿ ಗಿಟಾರ್ ಥಟ್ಟನೆ ಎದ್ದು ಕೇಳುತ್ತದೆ. ಹಾಡಿನ ಆರಂಭದಲ್ಲೋ, ಚರಣಕ್ಕೆ ಮೊದಲೋ ಗಿಟಾರ್ ಒಂದೇ ಇರುವ ನಾಲ್ಕು ಸೆಕೆಂಡ್ ಆರಿಸಿ, ಶ್ರುತಿ ಬದಲಾಗದಂತೆ ವೇಗವನ್ನು ಅರ್ಧಕ್ಕೆ ಇಳಿಸುವ ಆಪ್‌ನಲ್ಲಿ ಅದನ್ನೇ ಮತ್ತೆ ಮತ್ತೆ ತಿರುಗಿಸಿ.

ಸಾ ಕಾರ್ಡ್ ಬಂದಾಗ, ಅಂದರೆ ಹಾಡು ಮನೆಗೆ ಮರಳಿದಾಗ, ಎಲ್ಲಕ್ಕಿಂತ ಮೇಲೆ ನುಡಿಯುವ ಸ್ವರ ಯಾವುದೆಂದು ಗುನುಗಿ ನೋಡಿ. ಅದು ಸಾನೋ, ಗಾನೋ, ಪಾನೋ?

ಪ ಆದರೆ ಎ ಶೇಪ್. ಒಂದನೇ ತಂತಿ ಬಿಚ್ಚಿದ್ದು, ಅದೇ ಪಂಚಮ. ಅದರ ಕೆಳಗೆ ಎರಡನೇ ತಂತಿಯಲ್ಲಿ ಗ ಇದೆ. ಬಾರಿಸುವವರು ಆ ಬೆರಳನ್ನು ಎತ್ತಿ ಇಳಿಸಿ ರೇ–ಗ ಆಡಿಸುತ್ತಾರೆ, ಇಲ್ಲವೇ ಕಿರುಬೆರಳು ಚಾಚಿ ಮ ಮುಟ್ಟಿಸಿ ಬರುತ್ತಾರೆ. ಮೇಲೆ ಪಂಚಮ ನಿಂತೇ ಇದ್ದು ಅದರ ಕೆಳಗೆ ರೇ ಗ ಮ ಅಲುಗಾಡುವುದು ಕೇಳಿದರೆ ಎ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ.

ಗ ಆದರೆ ಸಿ ಅಥವಾ ಡಿ. ಸಿ ಶೇಪಿನಲ್ಲಿ ಒಂದನೇ ತಂತಿ ಬಿಚ್ಚಿ ಗ ನುಡಿಯುತ್ತದೆ, ಅದು ಅಲುಗುವುದಿಲ್ಲ. ಅಲುಗುವುದು ಒಳಗಿನ ನಾಲ್ಕನೇ ತಂತಿ: ಮಧ್ಯದ ಬೆರಳು ಎತ್ತಿ ಕುಟ್ಟಿದಾಗ ಕಾರ್ಡಿನ ನಡುವಿನಿಂದ ರೇ–ಗ ಬರುತ್ತದೆ. ಡಿ ಶೇಪಿನಲ್ಲಿ ಹಾಗಲ್ಲ. ಅಲ್ಲಿ ಗ ಬೆರಳಿನದ್ದು, ಹಾಗಾಗಿ ಆಟವೆಲ್ಲ ತುದಿಯಲ್ಲೇ: ಬೆರಳು ಎತ್ತಿದರೆ ರೇ, ಇಟ್ಟರೆ ಗ, ಕಿರುಬೆರಳು ಸೇರಿದರೆ ಮ. ಗೆಜ್ಜೆಯಂತೆ ಎಲ್ಲಕ್ಕಿಂತ ಮೇಲೆ ಗ–ಮ–ಗ–ರೇ ಕುಣಿಯುತ್ತಿದ್ದರೆ ಅದು ಡಿ.

ಸಾ ಆದರೆ ಇ ಅಥವಾ ಜಿ. ಇವೆರಡನ್ನು ಬೇರೆ ಮಾಡಲು ದಪ್ಪ ತಂತಿ ಕೇಳಬೇಕು. ಇ ಶೇಪಿನಲ್ಲಿ ಆರನೇ ತಂತಿ ಬಿಚ್ಚಿದಾಗಲೇ ಸಾ. ಅದಕ್ಕಿಂತ ಕೆಳಗೆ ಗಿಟಾರಿನಲ್ಲಿ ಸ್ವರವೇ ಇಲ್ಲ. ಜಿ ಶೇಪಿನಲ್ಲಿ ಸಾ ಇರುವುದು ಆರನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ. ಹಾಗಾಗಿ ಅದರ ಕೆಳಗೆ ಮಂದ್ರದ ನಿ ಮತ್ತು ಧ ಸಿಗುತ್ತವೆ. ಸಾ–ನಿ–ಧ ಎಂದು ಮಂದ್ರಕ್ಕೆ ಇಳಿದು ಮೈನರ್ ಕಾರ್ಡಿಗೆ ಹೋದರೆ ಅದು ಜಿ ಕುಟುಂಬ, ಅಲ್ಲಿನ ಮೈನರ್ ಇ ಮೈನರ್.

ಜಿ ಶೇಪಿಗೆ ಇನ್ನೊಂದು ಗುರುತು ಇದೆ, ಇದನ್ನು ಒಮ್ಮೆ ಹಿಡಿದರೆ ಕಿವಿ ಮರೆಯುವುದಿಲ್ಲ. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಎರಡನೇ ಮತ್ತು ಒಂದನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಊರಿಬಿಟ್ಟು, ಉಳಿದ ಬೆರಳಿಂದ ಮಾತ್ರ ಜಿ, ಸಿ, ಡಿ, ಇ ಮೈನರ್ ಬದಲಿಸುವ ಪದ್ಧತಿ ಇದೆ. ಆಗ ಎರಡನೇ ತಂತಿಯಲ್ಲಿ ಪ, ಒಂದನೆಯದರಲ್ಲಿ ಸಾ. ಕಾರ್ಡ್ ಎಲ್ಲಿಗೇ ಹೋಗಲಿ, ಮೇಲೆ ಪ–ಸಾ, ಪ–ಸಾ ನಿಂತೇ ಇರುತ್ತದೆ, ತಂಬೂರಿ ಹಿಡಿದಂತೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಕೂಡಲೇ ಸಿಗುತ್ತದೆ.

ಮೈನರ್ ಹಾಡಿನಲ್ಲೂ ಇದೇ ಕ್ರಮ. ಮೇಲೆ ಪ ನಿಂತರೆ ಎ ಮೈನರ್, ಸಾ ನಿಂತರೆ ಇ ಮೈನರ್, ಕೋಮಲ ಗ ನಿಂತರೆ ಡಿ ಮೈನರ್.

ಒಂದು ಹಾಡನ್ನು ಹಿಡಿದು ಪೂರ್ತಿ ನಡೆದು ನೋಡೋಣ. ಸಾ ಕಪ್ಪು ಐದರಲ್ಲಿ ಸಿಕ್ಕಿತು. ಪಟ್ಟಿಯ ಪ್ರಕಾರ ಒಂದನೇ ಫ್ರೆಟ್ಟಿನ ಎ, ಮೂರನೆಯದರ ಜಿ, ಆರನೆಯದರ ಇ, ಈ ಮೂರರಲ್ಲಿ ಒಂದು. ಸಾ ಕಾರ್ಡಿನಲ್ಲಿ ಮೇಲಿನ ಸ್ವರ ಸಾ ಎಂದು ಕೇಳಿತು, ಎ ಬಿಟ್ಟುಹೋಯಿತು. ಮೈನರ್ ಕಾರ್ಡ್ ಬಂದಾಗ ದಪ್ಪ ತಂತಿ ಸಾಗಿಂತ ಕೆಳಗಿನ ಧಕ್ಕೆ ಇಳಿಯಿತು. ಆರನೇ ಫ್ರೆಟ್ಟಿನ ಇ ಶೇಪಿನಲ್ಲಿ ಸಾಗಿಂತ ಕೆಳಗೆ ಜಾಗವೇ ಇಲ್ಲ, ಅದೂ ಹೋಯಿತು. ಉಳಿದದ್ದು ಮೂರನೇ ಫ್ರೆಟ್ಟಿನ ಜಿ. ಖಚಿತಪಡಿಸಿಕೊಳ್ಳಲು ಮೂರಕ್ಕೆ ಕೇಪೋ ಹಾಕಿ ಆರನೇ ತಂತಿಯನ್ನು ಬಿಚ್ಚಿ ಮೀಟಿ. ಬರುವ ಸ್ವರವೂ ರೆಕಾರ್ಡಿಂಗಿನ ಅತಿ ಕೆಳಗಿನ ಗಿಟಾರ್ ಸ್ವರವೂ ಒಂದೇ ಆಗಿರಬೇಕು, ಅಥವಾ ರೆಕಾರ್ಡಿಂಗಿನದ್ದು ಅದಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ಕೇಪೋ ತಪ್ಪು ಜಾಗದಲ್ಲಿದೆ, ಇಲ್ಲವೇ ನೀವು ಕೇಳುತ್ತಿರುವುದು ಬಾಸ್ ಗಿಟಾರ್. ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಬಾಸ್ ಸ್ವರ ಒಂದೊಂದಾಗಿ, ದುಂಡಗೆ, ಡ್ರಮ್ಮಿನ ಜೊತೆ ಬರುತ್ತದೆ. ಗಿಟಾರಿನ ದಪ್ಪ ತಂತಿಗೆ ಉಗುರೋ ಪಿಕ್ಕೋ ತಾಗಿದ ಸದ್ದು ಇರುತ್ತದೆ.

ಕೇಪೋದಿಂದ ಹಿಡಿಯಲಾಗದ ಒಂದು ಸಂದರ್ಭವೂ ಇದೆ. ಗಿಟಾರಿನ ಅತಿ ಕೆಳಗಿನ ಸ್ವರ ನಮ್ಮ ಬಿಚ್ಚಿದ ಆರನೇ ತಂತಿಗಿಂತ ಒಂದು ಮನೆ ಕೆಳಗೆ, ಡಿ ಶಾರ್ಪ್ ಕೇಳಿದರೆ, ಅಲ್ಲಿ ಹೆಚ್ಚಾಗಿ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿರುತ್ತಾರೆ. ಕೇಪೋ ಏರಿಸುತ್ತದೆ, ಇಳಿಸುವುದಿಲ್ಲ. ನೀವೂ ಬಿರುಡೆ ತಿರುಗಿಸಿ ಇಳಿಸಲೇಬೇಕು. ಆರನೆಯದು ಮಾತ್ರ ಡಿಗೆ ಇಳಿದಿದ್ದರೆ ಅದು ಡ್ರಾಪ್ ಡಿ. ಅದರ ಮೇಲೆ ಕೇಪೋ ಹಾಕಿ ಡಿ ಶೇಪ್ ಬಾರಿಸಿದ ಹಾಡುಗಳಲ್ಲಿ ಮೇಲೆ ಗ–ಮ ಕುಣಿತ, ಕೆಳಗೆ ಆಳದ ಸಾ ಎರಡೂ ಒಟ್ಟಿಗೆ ಕೇಳುತ್ತವೆ.

ಎರಡು ಗಿಟಾರ್ ಇರುವ ರೆಕಾರ್ಡಿಂಗ್ ಆದರೆ ಗುರುತುಗಳು ಬೆರೆತು ಗೊಂದಲ ಆಗುತ್ತದೆ: ಮೇಲೆ ಡಿ ಶೇಪಿನ ಆಟ, ಕೆಳಗೆ ಜಿ ಶೇಪಿನ ಇಳಿತ. ಒಂದೇ ಗಿಟಾರಿನಲ್ಲಿ ಎರಡನ್ನೂ ತರಲು ಹೆಣಗಾಡಬೇಡಿ. ಜೊತೆಗೆ ಬಾರಿಸುವವರು ಸಿಕ್ಕರೆ ಒಬ್ಬರು ಎರಡನೇ ಫ್ರೆಟ್ಟಿನ ಜಿ, ಇನ್ನೊಬ್ಬರು ಏಳನೆಯದರ ಡಿ ಹಿಡಿಯಿರಿ. ಬಿಳಿ ಆರರ ಹಾಡು ಆಗ ತುಂಬಿ ಕೇಳುತ್ತದೆ.

ಹಾಕುವ ಕ್ರಮ

ಎಷ್ಟು ಸರಿಯಾದ ಫ್ರೆಟ್ ಹುಡುಕಿದರೂ, ಹಾಕಿದ್ದು ಓರೆಯಾದರೆ ದನಿ ಕೆಡುತ್ತದೆ. ಕೇಪೋ ಇಲ್ಲದೆ ಆರೂ ತಂತಿ ಟ್ಯೂನ್ ಮಾಡಿ. ರಬ್ಬರಿನ ಅಂಚು ಫ್ರೆಟ್ ಕಂಬಿಗೆ ಹತ್ತಿರ, ಬಿರುಡೆಗಳ ಕಡೆ, ಕಂಬಿಗೆ ಸಮಾನಾಂತರವಾಗಿ ಇರಲಿ. ಎರಡು ಫ್ರೆಟ್ಟಿನ ನಡುಮಧ್ಯೆ ಹಾಕಿದರೆ ಹೆಚ್ಚು ಒತ್ತಡ ಬೇಕಾಗುತ್ತದೆ, ತಂತಿ ಬಗ್ಗಿ ಶ್ರುತಿ ಏರುತ್ತದೆ. ಕಂಬಿಯ ಮೇಲೆಯೇ ಕೂತರೆ ದನಿ ಹತ್ತಿ ತುರುಕಿದ ಹಾಗೆ ಮಂಕಾಗುತ್ತದೆ.

ಸ್ಕ್ರೂ ಇರುವ ಕೇಪೋ ಆದರೆ ಸಡಿಲವಾಗಿ ಹಾಕಿ ಒಂದೊಂದೇ ತಂತಿ ಮೀಟುತ್ತಾ ಬಿಗಿಸಿ. ಕರಕರ ಸದ್ದು ನಿಂತ ಮೇಲೆ ಕಾಲು ಸುತ್ತು ಸಾಕು. ಸ್ಪ್ರಿಂಗ್ ಕೇಪೋ ಕ್ಷಣದಲ್ಲಿ ಬದಲಿಸಲು ಅನುಕೂಲ, ವೇದಿಕೆಗೆ ಅದೇ ಸರಿ. ಆದರೆ ಅದರ ಒತ್ತಡ ನಿಮ್ಮ ಕೈಯಲ್ಲಿಲ್ಲ, ತೆಳು ತಂತಿಯ ಗಿಟಾರಿನಲ್ಲಿ ಶ್ರುತಿ ಏರಿಸುತ್ತದೆ. ರೆಕಾರ್ಡಿಂಗಿನ ಜೊತೆ ಕೂತು ಬಾರಿಸಲು ಸ್ಕ್ರೂ ಇರುವುದನ್ನೇ ಕೊಳ್ಳಿ ಎನ್ನುವುದು ನಮ್ಮ ಅಭಿಪ್ರಾಯ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಫ್ರೆಟ್ ಹಲಗೆ ಚಪ್ಪಟೆ, ಅಗಲವೂ ಹೆಚ್ಚು, ನಟ್ (ಬಿರುಡೆಗಳ ಕಡೆ ತಂತಿ ಕೂರುವ ಪಟ್ಟಿ) ಬಳಿ ಸುಮಾರು 52 ಮಿ.ಮೀ. ಉಕ್ಕಿನ ತಂತಿಯದ್ದು ಸುಮಾರು 43 ಮಿ.ಮೀ., ಮೇಲ್ಮೈಯಲ್ಲಿ ಸಣ್ಣ ಉಬ್ಬು. ಉಬ್ಬಿಗೆ ಮಾಡಿದ ಕೇಪೋವನ್ನು ಚಪ್ಪಟೆ ಹಲಗೆಗೆ ಹಾಕಿದರೆ ಅಂಚಿನ ತಂತಿಗಳು ಹೆಚ್ಚು ಒತ್ತಿ ನಡುವಿನವು ಕರಕರ ಎನ್ನುತ್ತವೆ.

ಹಾಕಿದ ಮೇಲೆ ಪ್ರತಿ ತಂತಿಯನ್ನೂ ಬೆರಳಿನಿಂದ ಒಮ್ಮೆ ಮೆಲ್ಲಗೆ ಎಳೆದು ಬಿಡಿ. ಕೇಪೋ ಕೆಳಗೆ ಸಿಕ್ಕಿಕೊಂಡ ಬಿಗಿ ಹೊರಬರುತ್ತದೆ. ಆಮೇಲೆ ಮತ್ತೆ ಟ್ಯೂನರ್ ನೋಡಿ. ಆರೂ ತಂತಿ ಸಮವಾಗಿ ಏರಿದ್ದರೆ ಒತ್ತಡ ಜಾಸ್ತಿ. ಒಂದೆರಡು ಮಾತ್ರ ಏರಿದ್ದರೆ ಅವು ಪಕ್ಕಕ್ಕೆ ಬಾಗಿವೆ, ತೆಗೆದು ನೇರವಾಗಿ ಹಾಕಿ. ಆರನೆಯದು ಮಾತ್ರ ಕರಕರ ಎಂದರೆ ಕೇಪೋ ಓರೆಯಾಗಿದೆ. ಒಂದೇ ತಂತಿ, ಒಂದೇ ಫ್ರೆಟ್ಟಿನಲ್ಲಿ ಮಾತ್ರ ತೊಂದರೆ ಕೊಟ್ಟರೆ ಆ ಫ್ರೆಟ್ ಕಂಬಿ ಸವೆದು ಕಚ್ಚು ಬಿದ್ದಿರುತ್ತದೆ, ಅದಕ್ಕೆ ಕೇಪೋ ಕಾರಣವಲ್ಲ. ಕೇಪೋ ಇರುವಾಗಲೇ ಬಿರುಡೆ ತಿರುಗಿಸಿದರೆ ತಂತಿ ಅಲ್ಲೇ ಹಿಡಿದುಕೊಂಡು, ಏನೂ ಆಗದಂತೆ ಕಂಡು, ಎರಡು ನಿಮಿಷದ ಮೇಲೆ ಫಟ್ಟನೆ ಜಿಗಿಯುತ್ತದೆ. ಹೆಚ್ಚು ತಿದ್ದಬೇಕಾದರೆ ಕೇಪೋ ಸಡಿಲಿಸಿ ತಿದ್ದಿ.

ಮೇಲೆ ಹೋದಷ್ಟೂ ದನಿ ತೆಳುವಾಗುವುದು ಸಹಜ. 648 ಮಿ.ಮೀ. ಉದ್ದದ ತಂತಿ ಐದನೇ ಫ್ರೆಟ್ಟಿನಲ್ಲಿ ಸುಮಾರು 485 ಮಿ.ಮೀ., ಏಳನೆಯದರಲ್ಲಿ ಸುಮಾರು 432 ಮಿ.ಮೀ. ಮಾತ್ರ ಉಳಿಯುತ್ತದೆ. ಹಾಡಿನ ಗಿಟಾರ್ ಮ್ಯಾಂಡೊಲಿನ್ ಹಾಗೆ ಮಿನುಗುತ್ತಿದ್ದರೆ ಮೊದಲೇ ಐದರ ಮೇಲಿನ ಫ್ರೆಟ್‌ಗಳನ್ನು ಪ್ರಯತ್ನಿಸಿ.

ಎರಡು ಮನೆಗಳ ನಡುವೆ ಬಿದ್ದ ಹಾಡು

ಕೆಲವು ಹಾಡುಗಳ ಸಾ ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. ಟೇಪ್ ಕಾಲದ ಹಾಡುಗಳಲ್ಲಿ ಟೇಪಿನ ವೇಗ ಸ್ವಲ್ಪ ಬದಲಾಗಿರುತ್ತದೆ. ಕ್ಯಾಸೆಟ್ಟಿನಿಂದ ನೆಟ್ಟಿಗೆ ಏರಿಸಿದವುಗಳಲ್ಲಿ ಇನ್ನೂ ಹೆಚ್ಚು. ವೇಗ ಶೇ 6ರಷ್ಟು ಹೆಚ್ಚಾದರೆ ಶ್ರುತಿ ಹೆಚ್ಚುಕಡಿಮೆ ಒಂದು ಪೂರ್ತಿ ಮನೆ ಏರುತ್ತದೆ. ಶೇ 2 ಆದರೆ ಒಂದು ಮನೆಯ ಮೂರನೇ ಒಂದು ಭಾಗ.

ಇದಕ್ಕೆ ಕೇಪೋವನ್ನು ಹಿಂದೆ ಮುಂದೆ ಸರಿಸಿದರೆ ಪ್ರಯೋಜನವಿಲ್ಲ, ಶ್ರುತಿ ನಿರ್ಧರಿಸುವುದು ಕಂಬಿ. ಟ್ಯೂನರ್ ಆಪ್‌ನಲ್ಲಿ ಎ=440 ಎಂದಿರುವ ಆಧಾರವನ್ನೇ ಬದಲಿಸಿ. ಒಂದು ಹರ್ಟ್ಸ್‌ಗೆ ಸುಮಾರು 4 ಸೆಂಟ್ ಲೆಕ್ಕ. ನೂರು ಸೆಂಟ್ ಸೇರಿದರೆ ಒಂದು ಮನೆ. ಹಾಡು 30 ಸೆಂಟ್ ಮೇಲಿದ್ದರೆ 448 ಇಡಿ, 20 ಸೆಂಟ್ ಕೆಳಗಿದ್ದರೆ 435. ಆ ಆಧಾರಕ್ಕೆ ಗಿಟಾರ್ ಟ್ಯೂನ್ ಮಾಡಿ, ಆಮೇಲೆ ಕೇಪೋ ಹಾಕಿ.

ಕರಾವಳಿಯ ಗಾಳಿ, ಮಲೆನಾಡಿನ ಮಳೆ

ಇಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಹವೆಯೇ ಅರ್ಧ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿದು ಉಬ್ಬುತ್ತದೆ, ಮುಂದಿನ ಹಲಗೆ ಮೇಲೇಳುತ್ತದೆ, ಕುದುರೆಯ ಜೊತೆ ತಂತಿಯೂ ಏರುತ್ತದೆ. ತಂತಿ ಎತ್ತರವಾದಷ್ಟೂ ಕೇಪೋ ಅದನ್ನು ಹೆಚ್ಚು ದೂರ ಬಗ್ಗಿಸಬೇಕು, ಅಷ್ಟೂ ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಕೇಪೋ ಆಷಾಢದಲ್ಲಿ ಅಪಸ್ವರ ಕೊಟ್ಟರೆ ಕೇಪೋ ಬದಲಿಸುವ ಮೊದಲು ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಅಳೆಯಿರಿ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರನೇ ತಂತಿ ಸುಮಾರು 2.5 ಮಿ.ಮೀ. ಇರಬೇಕು. ಮೂರೂವರೆ ದಾಟಿದ್ದರೆ ದೋಷ ಮರದ ಉಬ್ಬಿನದ್ದು.

ಬಳಸದಾಗ ಗಿಟಾರನ್ನು ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಪೆಟ್ಟಿಗೆಯೊಳಗಿನ ತೇವಾಂಶ ಶೇ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಬೆಚ್ಚಗಿರುತ್ತದೆಂದು ಅಡಿಕೆ ಒಣಗಿಸುವ ಅಟ್ಟದಲ್ಲೋ ಬಚ್ಚಲ ಒಲೆಯ ಹತ್ತಿರವೋ ಇಡಬೇಡಿ. ಒಂದೇ ದಿಕ್ಕಿನ ಬಿಸಿಗೆ ಅಂಟು ಬಿಟ್ಟು ಕುದುರೆ ಕಿತ್ತು ಬರುತ್ತದೆ. ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಕಾರ್ಯಕ್ರಮಕ್ಕೆ ಒಯ್ದರೆ ಪೆಟ್ಟಿಗೆ ಮುಚ್ಚಿದಂತೆಯೇ ಅರ್ಧ ಗಂಟೆ ಇಟ್ಟು ಆಮೇಲೆ ಟ್ಯೂನ್ ಮಾಡಿ. ಬಂದ ಕೂಡಲೇ ಮಾಡಿದ ಟ್ಯೂನಿಂಗ್ ಎರಡನೇ ಹಾಡಿಗೇ ಜಾರುತ್ತದೆ.

ಕಡಲ ಪಕ್ಕದವರಿಗೆ ಇನ್ನೊಂದು ಶತ್ರು ಉಪ್ಪು. ಕಾರವಾರದ ಟಾಗೋರ್ ಕಡಲತೀರದಲ್ಲಿ ಒಂದು ಸಂಜೆ ಬಾರಿಸಿದರೆ ತಂತಿಗೂ ಕೇಪೋದ ಸ್ಪ್ರಿಂಗಿಗೂ ಉಪ್ಪಿನ ಪಸೆ ಹತ್ತಿರುತ್ತದೆ. ಮನೆಗೆ ಬಂದು ಮೊದಲು ತುಸು ಒದ್ದೆ ಬಟ್ಟೆಯಲ್ಲಿ ಕೇಪೋ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ತಂತಿಗಳ ಮೇಲೂ ಕೆಳಗೂ ಒರೆಸಿ. ತಂತಿಯಲ್ಲಿ ಕಂದು ಚುಕ್ಕೆ ಕಂಡರೆ ಆ ತಂತಿ ಇನ್ನು ಯಾವ ಫ್ರೆಟ್ಟಿನಲ್ಲೂ ಸರಿಯಾಗಿ ಕೂಡುವುದಿಲ್ಲ, ಬದಲಿಸಿ. ಕೋಟಿಂಗ್ ಇರುವ ತಂತಿ ದುಬಾರಿಯಾದರೂ ನಮ್ಮ ಕರಾವಳಿಗೆ ಲಾಭ.

ಕೇಪೋದ ರಬ್ಬರನ್ನೂ ಬೆಳಕಿಗೆ ಹಿಡಿದು ನೋಡಿ. ತಂತಿಯ ಆರು ಗೀರು ಆಳವಾಗಿ ಬಿದ್ದಿದ್ದರೆ, ಹಳೆಯ ಜಾಗಕ್ಕೇ ತಂತಿ ಜಾರಿ ಪಕ್ಕಕ್ಕೆ ಬಾಗುತ್ತದೆ. ರಬ್ಬರ್ ಮಾತ್ರ ತೆಗೆದು ಬದಲಿಸಲು ಬರುವ ಕೇಪೋಗಳಿವೆ. ಬಾರಿಸಿ ಮುಗಿದ ಮೇಲೆ ಕೇಪೋವನ್ನು ಫ್ರೆಟ್ಟಿನ ಮೇಲೆ ಬಿಡದೆ ತೆಗೆದಿಡಿ. ರಾತ್ರಿಯಿಡೀ ಕಚ್ಚಿಕೊಂಡಿದ್ದರೆ ರಬ್ಬರಿನಲ್ಲಿ ಗೀರು ಬೀಳುತ್ತದೆ. ತೆಗೆದ ಮೇಲೆ ಇನ್ನೊಮ್ಮೆ ಟ್ಯೂನರ್ ನೋಡಿ, ಅದರಲ್ಲೂ ಮೂರನೇ ತಂತಿಯನ್ನು. ಮೊದಲು ಜಾರುವುದು ಹೆಚ್ಚಾಗಿ ಅದೇ.